ಆನೆಗೋ, ಡಾಲ್ಫಿನ್ನಿಗೋ, ಎಲೆಗೋ

ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ ಬಿಸ್ಕೆಟ್ ಡಬ್ಬಿ ಹಿಡಿದುಕೊಂಡು ತಮ್ಮ ಕೋಣೆಯಿಂದ ಹೊರಬಂದಾಗಲೇ ಆಯ್ತಪ್ಪನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಆ ಆಫೀಸು ಶುರುವಾದ ಆರು ವರ್ಷಗಳಲ್ಲಿ ಮೇಡಂ ತಾವಾಗಿ ಯಾರಿಗೂ ಏನನ್ನೂ ತಿನ್ನಿಸಿದವರಲ್ಲ, ಬೈಗುಳವೊಂದನ್ನು ಬಿಟ್ಟು.

“ಎಲ್ಲರೂ ಒಂದೊಂದು ತಗೊಳ್ಳಿ,” ಎಂದರು ಮೇಡಂ. “ಬೆಳಿಗ್ಗೆ ಎದ್ದು ಕೆಲಸದ ಪಟ್ಟಿ ನೋಡಿದೆ. ಬಾಕಿ ಕೆಲಸ ಸೊನ್ನೆ. ನನ್ನ ಕಣ್ಣನ್ನೇ ನಂಬೋಕಾಗ್ಲಿಲ್ಲ. ನಿಮ್ಮನ್ನೆಲ್ಲ ಇಷ್ಟು ದಿನ ಸೋಮಾರಿಗಳು ಅಂದ್ಕೊಂಡಿದ್ದೆ, ತಪ್ಪಾಯ್ತು. ನಮ್ಮನೆಯವರಿಗೂ ಹೇಳ್ದೆ, ನಮ್ಮ ಆಫೀಸಿನವರು ಬಂಗಾರದಂಥವರು ಅಂತ.”

ಬಿಸ್ಕೆಟ್ ಹಿಡಿದ ಕೈಗಳೆಲ್ಲ ಬಾಯಿಯ ಹತ್ತಿರ ಹೋಗಿ ಹಾಗೇ ನಿಂತವು. ನಿನ್ನೆ ಸಂಜೆ ಎಲ್ಲರೂ ಮನೆಗೆ ಹೊರಟಾಗ ಪಟ್ಟಿಯಲ್ಲಿ ನೂರ ನಲವತ್ಮೂರು ಕೆಲಸ ಬಾಕಿ ಇತ್ತು.

ಟೈರ್ ಅಂಗಡಿಯೊಂದರ ಮೇಲಿನ ಮೂರನೇ ಮಹಡಿಯಲ್ಲಿದ್ದ ಆ ಆಫೀಸಿನವರು ಬಟ್ಟೆ ಒಗೆಯುವ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಯಾರ ಅಂಗಿ ಯಾವ ಅಂಗಡಿಯ ಯಾವ ಮೊಳೆಗೆ ನೇತಾಡುತ್ತಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳಬಲ್ಲವರಿಗೆ, ತಮ್ಮಲ್ಲಿರುವ ನಾಲ್ಕು ಜನ ಏನು ಮಾಡುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಅದಕ್ಕಾಗಿಯೇ ಹೋದ ವರ್ಷ ಆಯ್ತಪ್ಪ ಬಿಡುವಿನಲ್ಲಿ ಕೂತು ‘ಕೆಲಸದ ಪಟ್ಟಿ’ ಎಂಬ ಸಾಫ್ಟ್‌ವೇರನ್ನು ಬರೆದಿದ್ದ. ಯಾರು ಯಾವ ಕೆಲಸ ಹಿಡಿದಿದ್ದಾರೆ, ಅದು ಎಲ್ಲಿಗೆ ಬಂತು, ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಅದರಲ್ಲಿ ಹಾಕಬೇಕು. ಹಾಕಿದ್ದೆಲ್ಲ ಆಯ್ತಪ್ಪನ ಲ್ಯಾಪ್‌ಟಾಪಿನ ಒಂದು ಫೈಲಿಗೆ ಹೋಗಿ ಕೂರುತ್ತಿತ್ತು. ತೊಂದರೆ ಒಂದೇ. ಇಬ್ಬರು ಒಂದೇ ಗಳಿಗೆಯಲ್ಲಿ ‘ಉಳಿಸು’ ಒತ್ತಿದರೆ ಫೈಲು ಗಾಬರಿಯಾಗಿ ಇದ್ದದ್ದನ್ನೆಲ್ಲ ಕೈಬಿಡುತ್ತಿತ್ತು. ನಿನ್ನೆ ಆರು ಗಂಟೆಗೆ, ಮನೆಗೆ ಹೋಗುವ ಅವಸರದಲ್ಲಿ, ಇಬ್ಬರು ಒತ್ತಿದ್ದರು.

ಆಯ್ತಪ್ಪನ ನಿಜವಾದ ಹೆಸರು ನೇಮಕದ ಪತ್ರದಲ್ಲಿತ್ತು. ಬೇರೆಲ್ಲೂ ಇರಲಿಲ್ಲ. ಯಾರು ಏನು ಹೇಳಿದರೂ ‘ಆಯ್ತು’ ಎನ್ನುವುದು ಅವನ ರೋಗ. ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಅದರ ಬಾಲ ಮಾತ್ರ ಬದಲಾಗುತ್ತಿತ್ತು: ಆಯ್ತಪ್ಪ, ಆಯ್ತಮ್ಮ, ಆಯ್ತು ಮೇಡಂ. ಮೊದಲನೆಯದು ಅವನಿಗೇ ಅಂಟಿಕೊಂಡಿತು. ಬ್ಯಾಂಕಿನಿಂದ ಬರುವ ಸಾಲ ಬೇಕೇ ಎಂಬ ಫೋನಿಗೂ ಅವನು ಹಾಗೇ ಅಂದು, ಆಮೇಲೆ ಬೇಡ ಎನ್ನಲು ಹೆಂಡತಿಯ ಕೈಗೆ ಫೋನು ಕೊಡುತ್ತಿದ್ದ.

ಈಗ ಮಾತ್ರ ಅವನೇ ಏಳಬೇಕಾಯಿತು.

“ಮೇಡಂ, ಕೆಲಸ ಮುಗಿದಿಲ್ಲ. ಪಟ್ಟಿ ಮುಗಿದಿದೆ.”

ಮೇಡಂ ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು ಬಿಸ್ಕೆಟುಗಳನ್ನು ವಾಪಸು ಹಾಕಿಸಿಕೊಂಡರು. ಒಬ್ಬರದು ಅರ್ಧ ಕಚ್ಚಿಯಾಗಿತ್ತು. ಅದನ್ನು ನೋಡಿ, ಅವರ ಮುಖವನ್ನೂ ನೋಡಿ, ಅವರಿಗೇ ಬಿಟ್ಟರು.

ನಿನ್ನೆ ಮಧ್ಯಾಹ್ನ ತೆಗೆದಿಟ್ಟ ನಕಲು ಇದ್ದುದರಿಂದ ಪಟ್ಟಿಯನ್ನು ಆಯ್ತಪ್ಪ ಹತ್ತು ನಿಮಿಷದಲ್ಲಿ ಬದುಕಿಸಿದ. ಮೇಡಂ ಅವರ ಮರ್ಯಾದೆಗೆ ಅಂಥ ನಕಲು ಇರಲಿಲ್ಲ.

“ಈ ಫೈಲು ಗೀಲು ಸಾಕು,” ಎಂದರು ಅವರು. “ದೊಡ್ಡವರೆಲ್ಲ ಇಡೋ ಹಾಗೆ ಒಂದು ಸರಿಯಾದ ಡೇಟಾಬೇಸಲ್ಲಿ ಇಡಿ. ಯಾವುದು ಅಂತ ನೀವೇ ತೀರ್ಮಾನ ಮಾಡಿ. ಆದ್ರೆ ಎಲ್ಲರೂ ಒಪ್ಪಿರ್ಬೇಕು, ಆಮೇಲೆ ನನ್ನ ಹತ್ರ ದೂರು ಬರಬಾರ್ದು. ಸಂಜೆ ಐದಕ್ಕೆ ಎಲ್ಲರ ಮುಂದೆ ತೋರಿಸಿ. ಅದು ಸರಿ ಹೋದ್ಮೇಲೆ ನಿಮ್ಮ ರಜೆ ಚೀಟಿಗೆ ಸಹಿ.”

“ಆಯ್ತು ಮೇಡಂ,” ಎಂದ ಆಯ್ತಪ್ಪ.

ರಜೆ ಐದು ದಿನದ್ದು. ಎಂಟು ವರ್ಷದ ಮಗಳು ಇನ್ನೂ ಕಡಲು ನೋಡಿರಲಿಲ್ಲ. ಮೂರು ಸಲ ಹೊರಟು ಮೂರು ಸಲವೂ ನಿಂತಿತ್ತು. ಒಮ್ಮೆಯಂತೂ ಯಾವುದೋ ಅಂಗಡಿಯಲ್ಲಿ ವರನ ಕೋಟು ಕಳೆದುಹೋಯಿತೆಂದು ಅವನನ್ನು ಬಸ್ಸಿನಿಂದಲೇ ಇಳಿಸಿಕೊಂಡು ಬಂದಿದ್ದರು. ಈ ಸಲ ಸಂಜೆ ಆರು ಹತ್ತರ ರೈಲು. ಹೆಂಡತಿ, ಮಗಳು, ಹೆಂಡತಿಯ ತಮ್ಮ ನೇರ ಸ್ಟೇಷನ್ನಿಗೆ ಬರುವುದೆಂದು ಮಾತಾಗಿತ್ತು. ಹೆಂಡತಿ ಬೆಳಿಗ್ಗೆ ಸಿಟ್ಟಿಲ್ಲದೆಯೇ ಹೇಳಿದ್ದಳು: “ಈ ಸಲ ನೀವು ಬರದಿದ್ರೆ ನಾವು ಮನೆಗೆ ವಾಪಸ್ ಬರಲ್ಲ. ಹೋಗೋದೇ. ನಿಮ್ಮ ಸೀಟಿನ ಮೇಲೆ ಬ್ಯಾಗು ಇಟ್ಕೋತೀವಿ.” ಸಿಟ್ಟಿಲ್ಲದ್ದೇ ಅವನಿಗೆ ಭಯ ಹುಟ್ಟಿಸಿತ್ತು.

ಡೇಟಾಬೇಸು ಎಂದರೆ ಮಾಹಿತಿಯ ಉಗ್ರಾಣ. ಎಷ್ಟು ಜನ ಒಟ್ಟಿಗೆ ನುಗ್ಗಿದರೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದನ್ನೇ ಇಸಿದುಕೊಳ್ಳುವ ಉಗ್ರಾಣ. ಜಗತ್ತಿನಲ್ಲಿ ಅಂಥವು ಹತ್ತಾರಿವೆ, ಮತ್ತು ಚುನಾವಣೆಗೆ ನಿಂತವರಂತೆ ಅವಕ್ಕೂ ಒಂದೊಂದು ಗುರುತಿದೆ. ಒಂದಕ್ಕೆ ಆನೆ, ಇನ್ನೊಂದಕ್ಕೆ ಡಾಲ್ಫಿನ್, ಮತ್ತೊಂದಕ್ಕೆ ಎಲೆ. ಬೆಂಬಲಿಗರೂ ಚುನಾವಣೆಯ ಬೆಂಬಲಿಗರಂತೆಯೇ. ತಮ್ಮ ಗುರುತಿನ ಗುಣ ಹಾಡುವುದಕ್ಕಿಂತ ಎದುರು ಗುರುತಿನ ಮಾನ ಕಳೆಯುವುದರಲ್ಲೇ ಅವರಿಗೆ ಖುಷಿ.

ಮೊದಲು ಅವನನ್ನು ಹಿಡಿದವರು ತಾತ, ಪ್ರಿಂಟರಿನ ಹತ್ತಿರ. ತಾತನಿಗೆ ಐವತ್ಮೂರೇ ವರ್ಷ. ಆದರೆ ಆ ಆಫೀಸಿನಲ್ಲಿ ಅದು ಪ್ರಾಚೀನ ಕಾಲ. ಬಿಸ್ಕೆಟ್ ಕಚ್ಚಿದ್ದವರು ಇವರೇ.

“ಬಾರಯ್ಯ ಇಲ್ಲಿ. ಆನೆ ಬಿಟ್ಟು ಬೇರೆ ಯೋಚನೇನೇ ಬೇಡ ನಿಂಗೆ,” ಎಂದರು ತಾತ. “ನಾನು ನೋಡದೇ ಇರೋ ಡೇಟಾಬೇಸಾ? ಆನೆ ಒಂದ್ಸಲ ಬರ್ಕೊಂಡ್ರೆ ಮುಗೀತು, ಭೂಮಿ ನಡುಗಿದ್ರೂ ಮರೆಯಲ್ಲ.”

“ನಾವಿರೋದು ಐದು ಜನ ತಾತ. ಅಷ್ಟು ದೊಡ್ಡದು ಬೇಕಾ ಅಂತ...”

“ಇವತ್ತು ಐದು. ನಾಳೆ ಐನೂರಾದ್ರೆ?”

ಆಫೀಸಿನಲ್ಲಿ ಆರನೇ ಕುರ್ಚಿಗೆ ಜಾಗವಿರಲಿಲ್ಲ. ಪ್ರಿಂಟರನ್ನೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು.

“ಆ ತಂತಿ ಕೆಲಸದ ವೈರು ಬಂದು ಡಾಲ್ಫಿನ್ ಅಂತಾನೆ ನೋಡ್ತಿರು,” ತಾತ ದನಿ ತಗ್ಗಿಸಿದರು. “ನೀರಲ್ಲಿ ಕುಣಿಯೋ ಪ್ರಾಣಿ ಕೈಗೆ ಯಾರಾದ್ರೂ ಆಫೀಸಿನ ಗುಟ್ಟು ಕೊಡ್ತಾರೇನಯ್ಯ? ಎಲೆಯಂತೂ ಬಿಡು, ಗಾಳಿ ಬಂದ್ರೆ ಹಾರಿಹೋಗತ್ತೆ.”

ಹೀಗೆ ಶುರುವಾದದ್ದು ಮುಕ್ಕಾಲು ಗಂಟೆ ನಡೆಯಿತು. ನಡುನಡುವೆ ತಾತ ಪ್ರಿಂಟರಿನಿಂದ ಆನೆಯ ಗುಣಗಾನದ ಬಿಸಿಬಿಸಿ ಹಾಳೆಗಳನ್ನು ತೆಗೆದು ಅವನ ಕೈಗೆ ಹೇರುತ್ತಿದ್ದರು. ಮೂವತ್ತನೇ ಹಾಳೆಯ ಹೊತ್ತಿಗೆ ಆಯ್ತಪ್ಪನ ತೋಳು ನೋಯತೊಡಗಿತು, ಮನಸ್ಸು ಕಡಲಂಚಿಗೆ ಹೋಗಿ ಚಪ್ಪಲಿ ಬಿಚ್ಚುತ್ತಿತ್ತು. “ಏನಂತೀಯ ಹಾಗಾದ್ರೆ?” ಎಂದು ತಾತ ಕೇಳಿದ್ದು ದೂರದಿಂದ ಕೇಳಿಸಿತು.

“ಆಯ್ತು ತಾತ.”

“ಜಾಣ. ನನ್ನ ಲ್ಯಾಪ್‌ಟಾಪಲ್ಲೇ ಆನೆ ರೆಡಿ ಇದೆ, ಅದಕ್ಕೇ ಸೇರಿಸ್ಕೋ. ಐದು ಗಂಟೆವರೆಗೂ ಆ ಇಬ್ಬರಿಗೆ ಹೇಳ್ಬೇಡ, ಸುಮ್ನೆ ಗಲಾಟೆ ಮಾಡ್ತಾರೆ.”

ಆಯ್ತಪ್ಪ ತನ್ನ ಮೇಜಿಗೆ ಹೋದರೆ ಮೇಜಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ವೈರು. ಕಂಪ್ಯೂಟರುಗಳ ನಡುವಿನ ತಂತಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಅವನೂ ತಂತಿಯಷ್ಟೇ ದಪ್ಪ.

“ಗುರುವೇ, ಎರಡೇ ನಿಮಿಷ,” ಎಂದಿತು ಮೇಜಿನ ಕೆಳಗಿನ ದನಿ. “ಡಾಲ್ಫಿನ್ ನನ್ನ ಲ್ಯಾಪ್‌ಟಾಪಲ್ಲಿ ಆಗ್ಲೇ ಓಡ್ತಿದೆ. ನಿಮಗೊಂದು ತಂತಿ ಎಳೀತಿದೀನಿ. ತಾತ ಆನೆ ಪುರಾಣ ಹೇಳಿದ್ರು ತಾನೇ? ಕೇಳಿಸ್ಕೊಂಡಿದೀನಿ. ಆನೆಗೆ ಹೊಟ್ಟೆ ತುಂಬ್ಸೋದು ಯಾರು, ಸಗಣಿ ಎತ್ತೋದು ಯಾರು? ನಾನು. ನನ್ನಿಂದಾಗಲ್ಲ.”

“ಅಲ್ಲಪ್ಪ, ನಾನು ಇನ್ನೂ...”

“ನಿಮಗೆ ಸಂಜೆ ರೈಲಿದೆ. ಬೇಗ ಮುಗೀಬೇಕೋ ಬೇಡ್ವೋ?”

“ಆಯ್ತಪ್ಪ, ಆದ್ರೆ...”

“ಆಯ್ತು ಅಂದ್ರಲ್ಲ, ಸಾಕು,” ಎಂದು ವೈರು ಏನನ್ನೋ ಎಳೆದ. ಅವನು ಎಳೆದದ್ದು ಹೊಸ ತಂತಿಯನ್ನಲ್ಲ. ಆಫೀಸಿನ ಅಷ್ಟೂ ಕಂಪ್ಯೂಟರುಗಳ ನಂಟು ಒಂದೇ ಏಟಿಗೆ ಕಡಿದುಬಿತ್ತು. ಪ್ರಿಂಟರು ನಲವತ್ತೊಂದನೇ ಹಾಳೆಯನ್ನು ಅರ್ಧ ಉಗುಳಿ ಅಲ್ಲೇ ಕಚ್ಚಿಕೊಂಡಿತು. ಮೇಡಂ ಕೋಣೆಯಿಂದ, “ಆಯ್ತಪ್ಪ, ಏನ್ರೀ ಅದು?” ಎಂಬ ಕೂಗು ಬಂತು. ಯಾವ ತಂತಿ ಯಾವುದರದ್ದು ಎಂದು ವೈರು ಹುಡುಕಿ ಮುಗಿಸುವಾಗ ಊಟದ ಹೊತ್ತಾಗಿತ್ತು. ಹೊರಬಂದವನು ತಲೆಯ ಧೂಳು ಕೊಡವಿಕೊಂಡು, “ಐದು ಗಂಟೆವರೆಗೂ ತಾತನಿಗೆ ಹೇಳ್ಬೇಡಿ ಗುರುವೇ, ಪಾಪ, ಬಿಪಿ ಇದೆ,” ಎಂದು ಹೋದ.

ಆಯ್ತಪ್ಪ ಊಟದ ಡಬ್ಬಿ ತೆರೆಯುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಹೆಂಡತಿಯ ತಮ್ಮ.

“ಭಾವ, ಡೇಟಾ ವಿಷಯದಲ್ಲಿ ಏನೋ ತೊಂದರೆ ಅಂತೆ, ಅಕ್ಕ ಹೇಳಿದ್ಲು. ನನ್ನ ಒಂದ್ಮಾತು ಕೇಳಬಾರ್ದಾ? ನಾನೂ ಅದೇ ಲೈನಲ್ಲಿ ಇರೋನು.”

ಅವನಿಗೆ ಮೊಬೈಲ್ ರೀಚಾರ್ಜ್ ಅಂಗಡಿಯಿತ್ತು.

“ಅದು ಬೇರೆ ಡೇಟಾ ಕಣಪ್ಪ.”

“ಎಲ್ಲಾ ಒಂದೇ ಭಾವ. ಯಾರು ಕೇಳಿದ್ರೂ ಅವರಿಗೆ ಬೇಕಾದ್ದೇ ಇದೆ ಅನ್ನಿ. ಒಳಗೆ ಎಲ್ಲದೂ ಒಂದೇ ಟವರಿಂದ ಬರೋದು. ನಾನು ಹತ್ತು ವರ್ಷದಿಂದ ಅದೇ ಮಾಡ್ತಿರೋದು.”

“ಆಯ್ತಪ್ಪ,” ಎಂದು ಆಯ್ತಪ್ಪ ಫೋನಿಟ್ಟ. ಅಷ್ಟರಲ್ಲಿ ಎದುರಿನ ಕುರ್ಚಿಯಲ್ಲಿ ಕೋರ್ಸಮ್ಮ ಬಂದು ಕೂತಿದ್ದಳು. ಅವಳು ಆಫೀಸಿಗೆ ಸೇರಿ ಎಂಟು ತಿಂಗಳಾಗಿತ್ತು, ಅಷ್ಟರಲ್ಲಿ ಒಂಬತ್ತು ಕೋರ್ಸು ಮುಗಿಸಿದ್ದಳು. ಒಂಬತ್ತನೆಯದು ಎಲೆ ಗುರುತಿನ ಡೇಟಾಬೇಸಿನ ಮೇಲೆ, ಮೊನ್ನೆ ತಾನೇ ಪ್ರಮಾಣಪತ್ರ ಬಂದಿತ್ತು.

“ಸರ್, ನೀವು ಊಟ ಮಾಡಿ, ನಾನು ಮಾತಾಡ್ತೀನಿ,” ಎಂದಳು ಕೋರ್ಸಮ್ಮ. “ಆನೆ, ಡಾಲ್ಫಿನ್ ಎರಡೂ ಹಳೇ ಕಾಲದ್ದು ಸರ್. ಅದರಲ್ಲಿ ಎಲ್ಲದಕ್ಕೂ ಖಾನೆ ಹೊಡೀಬೇಕು, ಖಾನೆ ಬಿಟ್ಟು ಒಂದಕ್ಷರ ಆಚೆ ಹೋಗ್ಬಾರ್ದು. ಎಲೇಲಿ ಹಾಗಿಲ್ಲ. ಏನು ಬೇಕಾದ್ರೂ ಹೇಗೆ ಬೇಕಾದ್ರೂ ಎಸೀಬಹುದು.”

“ಎಸೆದದ್ದು ಆಮೇಲೆ ಸಿಗತ್ತಾ ಅಮ್ಮ?”

ಕೋರ್ಸಮ್ಮ ಸ್ವಲ್ಪ ಯೋಚಿಸಿದಳು. “ಅದು ಮುಂದಿನ ಕೋರ್ಸಲ್ಲಿದೆ ಸರ್.”

ಆಮೇಲೆ ಅವಳ ಮುಖ ಸಪ್ಪಗಾಯಿತು. ತಾನು ಹೇಳಿದ ಒಂದನ್ನೂ ಈ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ, ತಾತ ತನ್ನನ್ನು ಮಗು ಎನ್ನುತ್ತಾರೆ, ವೈರು ಪ್ರಮಾಣಪತ್ರದ ಮೇಲೆ ಟೀ ಲೋಟ ಇಡುತ್ತಾನೆ ಎಂದಳು. ಆಯ್ತಪ್ಪ ತುತ್ತು ಕೆಳಗಿಟ್ಟ. ಯಾರಾದರೂ ಎದುರು ಕೂತು ಮುಖ ಸಪ್ಪಗೆ ಮಾಡಿಕೊಂಡರೆ ಅವನ ಬಾಯಿಂದ ಬರುವುದು ಒಂದೇ ಮಾತು. ಅದು ಬಂದೇ ಬಂತು.

ಎರಡು ಗಂಟೆಯ ಹೊತ್ತಿಗೆ ಅವನಿಗೆ ತನ್ನ ಸ್ಥಿತಿ ಅರ್ಥವಾಯಿತು. ಮೂವರಿಗೂ ಒಪ್ಪಿಗೆ ಕೊಟ್ಟಾಗಿದೆ. ಮೂವರೂ ತಮ್ಮದೇ ಗೆದ್ದಿದೆ ಎಂದು ನಂಬಿ, ಗುಟ್ಟಿನಲ್ಲಿ ನಗುತ್ತ, ತಂತಮ್ಮ ಲ್ಯಾಪ್‌ಟಾಪಿನಲ್ಲಿ ತಂತಮ್ಮ ಉಗ್ರಾಣದ ಬಾಗಿಲು ತೆರೆದು ಕೂತಿದ್ದಾರೆ. ಒಂದನ್ನು ಆರಿಸಿದರೆ ಇಬ್ಬರು ಮೇಡಂ ಹತ್ತಿರ ದೂರು ಹೇಳುತ್ತಾರೆ. ದೂರು ಬಂದರೆ ಚೀಟಿಗೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಅವನ ಸೀಟಿನ ಮೇಲೆ ಬ್ಯಾಗು.

ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಕನ್ನಡಿಯಲ್ಲಿ ಕಂಡವನು ಇಂಗು ತಿಂದ ಮಂಗನಂತಿದ್ದ. ವಾಪಸು ಬಂದು, ತಲೆಯ ಮೇಲೆ ಕೈ ಹೊತ್ತು, ತಾನು ಹೋದ ವರ್ಷ ಬರೆದ ಪ್ರೋಗ್ರಾಮನ್ನು ತೆರೆದು ಸುಮ್ಮನೆ ಮೇಲೆ ಕೆಳಗೆ ಓದಿದ. ಓದುತ್ತಾ ಓದುತ್ತಾ ಅವನಿಗೆ ಒಂದು ವಿಷಯ ಹೊಳೆಯಿತು. ಇದ್ದ ತೊಂದರೆಯೆಲ್ಲ ಇಬ್ಬರು ಒಟ್ಟಿಗೆ ಒಳನುಗ್ಗುವುದು. ಅದಕ್ಕೆ ಬೇಕಾದದ್ದು ಬಾಗಿಲಿಗೊಂದು ಚಿಲಕ. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಹೊರಗೆ ಅರ್ಧ ಕ್ಷಣ ಕಾಯುವಂತೆ ಮಾಡಿದರೆ ಮುಗಿಯಿತು. ಹನ್ನೊಂದು ಸಾಲು ಬರೆದ. ನಾಲ್ಕು ಕಿಟಕಿ ತೆರೆದು ಒಂದೇ ಸಲ ನೂರು ಬಾರಿ ‘ಉಳಿಸು’ ಒತ್ತಿಸಿ ನೋಡಿದ. ಫೈಲು ಜಗ್ಗಲಿಲ್ಲ.

ಐದು ಜನರ ಕೆಲಸಕ್ಕೆ ಅದು ಬೇಕಾದಷ್ಟಾಯಿತು. ಇದನ್ನೇ ನೇರವಾಗಿ ಹೇಳಿಬಿಡೋಣ ಎಂದು ಎದ್ದ. ಅತ್ತ ತಾತ ಅವನತ್ತ ನೋಡಿ ಕಣ್ಣು ಹೊಡೆದರು. ಇತ್ತ ವೈರು ಹೆಬ್ಬೆರಳೆತ್ತಿದ. ಕೋರ್ಸಮ್ಮ ತನ್ನ ಪ್ರಮಾಣಪತ್ರವನ್ನು ಗೋಡೆಗೆ ಅಂಟಿಸುತ್ತಿದ್ದಳು. ಆಯ್ತಪ್ಪ ಮತ್ತೆ ಕೂತ.

ಕೂತು, ಪುಟದ ಬಲಗಡೆ ಕೆಳಮೂಲೆಯಲ್ಲಿ ಉಗುರಿನಷ್ಟು ಗಾತ್ರದ ಚಿತ್ರಕ್ಕೆ ಜಾಗ ಮಾಡಿದ. ತಾತ ಪಟ್ಟಿ ತೆರೆದರೆ ಅಲ್ಲಿ ಆನೆ ಕಾಣಬೇಕು. ವೈರು ತೆರೆದರೆ ಡಾಲ್ಫಿನ್. ಕೋರ್ಸಮ್ಮನಿಗೆ ಎಲೆ. ಇದಕ್ಕೆ ಆರೇ ಸಾಲು ಸಾಕಾಯಿತು. ಕೆಳಗೆ ಮಾಹಿತಿಯೆಲ್ಲ ಎಂದಿನಂತೆ ಅದೇ ಫೈಲಿಗೇ ಹೋಗುತ್ತಿತ್ತು.

ನಾಲ್ಕು ಗಂಟೆಗೆ ಮೂವರಿಗೂ ಬೇರೆಬೇರೆಯಾಗಿ, “ರೆಡಿ ಇದೆ, ನೋಡಿ,” ಎಂದು ಹೇಳಿ ಬಂದು ಜೀವ ಕೈಯಲ್ಲಿ ಹಿಡಿದು ಕಾದ.

ತಾತ ಒಂದು ಕೆಲಸ ಬರೆದು ಉಳಿಸಿ, ಕುರ್ಚಿಗೆ ಒರಗಿದರು. “ನೋಡಿದ್ಯಾ ಆ ತೂಕ? ಹಿಂದೆ ಎಲ್ಲ ತೇಲಾಡ್ತಿತ್ತು. ಈಗ ಒತ್ತಿದ್ರೆ ಗಟ್ಟಿ ನೆಲದ ಮೇಲೆ ಕಾಲಿಟ್ಟ ಹಾಗಿದೆ.”

ವೈರು ಹತ್ತು ಸಲ ಒತ್ತಿ ಹತ್ತು ಸಲವೂ ಸಿಳ್ಳೆ ಹಾಕಿದ. “ಗುರುವೇ, ಏನು ಸ್ಪೀಡು. ಇದೇ ಆನೆ ಆಗಿದ್ರೆ ಇಷ್ಟೊತ್ತಿಗೆ ಇನ್ನೂ ಎದ್ದು ನಿಲ್ತಿರೋದು.”

ಕೋರ್ಸಮ್ಮನ ಕಣ್ಣು ತೇವವಾಗಿತ್ತು. “ಥ್ಯಾಂಕ್ಸ್ ಸರ್,” ಎಂದಳು. “ಎಷ್ಟು ಹಗುರ ಆಗಿದೆ.”

ಆಯ್ತಪ್ಪನಿಗೆ ಪಾಪಪ್ರಜ್ಞೆಯ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಆಯಿತು.

ಐದು ಗಂಟೆಗೆ ಎಲ್ಲರೂ ಮೇಡಂ ಕೋಣೆಯಲ್ಲಿ ಸೇರಿದರು. ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಏರ್ಪಾಡಾಗಿತ್ತು. ಆಯ್ತಪ್ಪ ಯಾವ ಚಿತ್ರವೂ ಬಾರದ ತನ್ನ ಹೆಸರಿನಲ್ಲೇ ತೆರೆದು ತೋರಿಸುವುದೆಂದು ಎಣಿಸಿದ್ದ. ಮೇಡಂ, “ಕೊಡಿ ಇಲ್ಲಿ, ನಾನೇ ನೋಡ್ತೀನಿ,” ಎಂದು ತಮ್ಮ ಹೆಸರು ಹಾಕಿ ತೆರೆದರು.

ಮೇಡಂ ತೆರೆದರೆ ಯಾವ ಚಿತ್ರ ಬರಬೇಕು ಎಂದು ಆಯ್ತಪ್ಪ ಯೋಚಿಸಿಯೇ ಇರಲಿಲ್ಲ. ಯಾವುದೆಂದು ಹೇಳದೆ ಬಿಟ್ಟದ್ದರಿಂದ ಪ್ರೋಗ್ರಾಮು ತನ್ನ ಬಳಿ ಇದ್ದದ್ದನ್ನೆಲ್ಲ ತೋರಿಸಿತು. ಗೋಡೆಯ ಮೂಲೆಯಲ್ಲಿ ಆನೆ, ಅದರ ಪಕ್ಕ ಡಾಲ್ಫಿನ್, ಅದರ ಪಕ್ಕ ಎಲೆ, ಮೂರೂ ಒಂದೊಂದು ಮೊಳ ಎತ್ತರ, ಸಾಲಾಗಿ ಬಂದು ನಿಂತವು.

ತಾತ ಡಾಲ್ಫಿನ್ನನ್ನು ನೋಡಿದರು. ವೈರು ಆನೆಯನ್ನು ನೋಡಿದ. ಆಮೇಲೆ ಮೂವರೂ ಆಯ್ತಪ್ಪನನ್ನು ನೋಡಿದರು.

“ಇದೇನ್ರೀ ಮೂರು?” ಎಂದರು ಮೇಡಂ.

ತಾತನಿಗಂತೂ, ತಾನು ಬೇಸ್ತು ಬಿದ್ದೆ ಎಂದು ಮಕ್ಕಳಂಥವರ ಮುಂದೆ ತೋರಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಗಂಟಲು ಸರಿಮಾಡಿಕೊಂಡರು. “ಮೂರು ಕಡೆ ಇಟ್ಟಿದೀವಿ ಮೇಡಂ. ಒಂದು ಹೋದ್ರೆ ಇನ್ನೊಂದು. ಮುಖ್ಯವಾದದ್ದು ಆನೆ.”

“ವೇಗಕ್ಕೆ ಡಾಲ್ಫಿನ್,” ಎಂದ ವೈರು ತಕ್ಷಣ.

“ಹಗುರವಾಗಿರೋಕೆ ಎಲೆ,” ಎಂದಳು ಕೋರ್ಸಮ್ಮ.

ಮೇಡಂ ಮುಖ ಅರಳಿತು. ಬೆಳಿಗ್ಗೆಯ ಬಿಸ್ಕೆಟ್ ಮುಖಕ್ಕಿಂತಲೂ ಹೆಚ್ಚು. “ಇದನ್ನೇ ಕಣ್ರೀ ಇಪ್ಪತ್ತಾರು ಅಂಗಡಿ ಇಟ್ಟಿರೋ ನಮ್ಮ ಸಾಹುಕಾರರು ಕೇಳ್ತಿದ್ದದ್ದು. ಅವರ ಅಂಗಡಿಗಳ ಕೆಲಸಕ್ಕೆಲ್ಲ ಹೀಗೇ ಒಂದು ಪಟ್ಟಿ ಬೇಕು, ಒಂದು ಯಂತ್ರ ನಿಂತ್ರೂ ಅದು ನಿಲ್ಲಬಾರ್ದು ಅಂತ. ನಮ್ಮ ಹತ್ರ ಆಗಲ್ಲ ಅಂದುಬಿಟ್ಟಿದ್ದೆ.”

ಆಗ ಆಯ್ತಪ್ಪ ಜೀವಮಾನದಲ್ಲೇ ಮೊದಲ ಸಲ, ಯಾರೂ ಕೇಳದೆ, ಸತ್ಯ ಹೇಳಿದ. “ಮೇಡಂ, ಅದು ಮೂರೂ ಅಲ್ಲ. ಹಳೇ ಫೈಲೇ ಇರೋದು. ನಾನು ಒಂದು ಚಿಲಕ ಹಾಕಿದೀನಿ, ಅಷ್ಟೆ. ಅವು ಬರೀ ಚಿತ್ರ.”

ಮೇಡಂ ನಕ್ಕರು. ತಾತ ನಗಲಿಲ್ಲ. “ಏನು ಮಾತು ಅಂತ ಆಡ್ತೀಯಯ್ಯ? ಈ ಕೈಯಲ್ಲಿ ಒತ್ತಿ ನೋಡಿದೀನಿ ನಾನು. ಮೂವತ್ತು ವರ್ಷದ ಅನುಭವಕ್ಕೆ ಫೈಲಿಗೂ ಆನೆಗೂ ವ್ಯತ್ಯಾಸ ಗೊತ್ತಾಗಲ್ವಾ?”

“ಫೈಲು ಅಷ್ಟು ಸ್ಪೀಡಾಗಿ ಓಡೋಕೆ ಸಾಧ್ಯಾನೇ ಇಲ್ಲ ಮೇಡಂ,” ಎಂದ ವೈರು.

“ಸರ್‌ಗೆ ಹೊಗಳಿಸ್ಕೊಳ್ಳೋಕೆ ನಾಚಿಕೆ,” ಎಂದಳು ಕೋರ್ಸಮ್ಮ.

ಮೇಡಂ ಆಗಲೇ ಸಾಹುಕಾರರಿಗೆ ಫೋನು ಹಚ್ಚಿದ್ದರು. ಅರ್ಧ ಮಾತು ಕೇಳಿಸಿತು. “ನಾಳೆ ಹತ್ತಕ್ಕಾ? ನಿಮ್ಮ ಕಣ್ಮುಂದೇನೇ ಒಂದು ಯಂತ್ರ ಆಫ್ ಮಾಡಿ ತೋರಿಸ್ತೀವಿ.” ಈ ಸಲವೂ ರಜೆ ಹೋಯಿತು ಎಂದುಕೊಂಡ ಆಯ್ತಪ್ಪ. ಆದರೆ ಫೋನಿಟ್ಟ ಮೇಡಂ ಮೇಜಿನ ಮೇಲಿದ್ದ ಅವನ ರಜೆ ಚೀಟಿಯನ್ನು ಎಳೆದುಕೊಂಡು ಸರಕ್ಕನೆ ಸಹಿ ಹಾಕಿದರು.

“ನಿಮ್ಮ ರಜೆಗೆ ನಾನು ಅಡ್ಡ ಬರಲ್ಲ. ಹೊರಡಿ, ರೈಲು ತಪ್ಪತ್ತೆ. ಲ್ಯಾಪ್‌ಟಾಪ್ ಮಾತ್ರ ಜೊತೇಲಿ ತಗೊಂಡ್ಹೋಗಿ.”

ಯಾಕೆ ಎಂದು ಅವನು ಕೇಳಲಿಲ್ಲ. ಚೀಟಿ ಜೇಬಿಗಿಟ್ಟು, ಲ್ಯಾಪ್‌ಟಾಪ್ ಬಗಲಿಗೇರಿಸಿ, ಮೂರು ಮಹಡಿ ಇಳಿದದ್ದು ಅವನ ನೆನಪಿನಲ್ಲೇ ಉಳಿಯಲಿಲ್ಲ. ಬಸ್ಸಿಗೆ ಕಾದು, ಸ್ಟೇಷನ್ನಿಗೆ ಬಂದು ಬೋಗಿ ಹತ್ತಿದಾಗ ಆರಕ್ಕೆ ಐದು ನಿಮಿಷ. ಮಗಳು ಓಡಿಬಂದು ಕಾಲಿಗೆ ತೆಕ್ಕೆ ಬಿದ್ದಳು. ಹೆಂಡತಿ ಅವನ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ಕೆಳಗಿಟ್ಟಳು. ಆಯ್ತಪ್ಪ ಕಿಟಕಿ ಪಕ್ಕ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದ.

“ಭಾವ,” ಎಂದ ಭಾಮೈದ. “ನಿಮ್ಮ ಆಫೀಸಿನವರು ಕಾರಲ್ಲಿ ನಿಮಗಿಂತ ಮುಂಚೆ ಬಂದು ಪಾಪ ಪ್ಲಾಟ್‌ಫಾರ್ಮಲ್ಲಿ ಸೀಟಿಲ್ದೆ ಒದ್ದಾಡ್ತಿದ್ರು. ಟಿಕೆಟ್ ನೋಡೋರು ನನಗೆ ಗುರ್ತು, ಅವರ ನಂಬರಿಗೆ ನಾನೇ ರೀಚಾರ್ಜ್ ಮಾಡೋದು. ಹೇಳಿ ಇಲ್ಲೇ ಮಾಡಿಸ್ಕೊಟ್ಟೆ.”

ಆಯ್ತಪ್ಪ ಕಣ್ಣು ಬಿಟ್ಟ. ಎದುರು ಸೀಟಿನಲ್ಲಿ ಆಗ ತಾನೇ ಬಂದು ಕೂತ ಮೇಡಂ, ಅವರ ಪಕ್ಕ ಕೋರ್ಸಮ್ಮ. ಹಿಂದೆ ವೈರು ಮೇಲಿನ ಸೀಟಿಗೆ ಕಾಲು ಹಾಕುತ್ತಿದ್ದ. ತಾತ ತಮ್ಮ ಲ್ಯಾಪ್‌ಟಾಪನ್ನು ಮಗುವಿನಂತೆ ಅಪ್ಪಿಕೊಂಡು ನಿಂತಿದ್ದರು.

“ಸಾಹುಕಾರರ ಊರೂ ಅದೇ ಕಣ್ರೀ,” ಎಂದರು ಮೇಡಂ. “ಕಡಲ ದಂಡೇಲೇ ಅವರ ದೊಡ್ಡ ಅಂಗಡಿ. ನೀವು ಹೇಗೂ ಹೊರಟಿದ್ರಿ, ಒಳ್ಳೇದೇ ಆಯ್ತು. ಬೆಳಿಗ್ಗೆ ಹತ್ತಕ್ಕೆ ಒಂದು ಅರ್ಧ ಗಂಟೆ. ಆಮೇಲೆ ನೀವುಂಟು, ನಿಮ್ಮ ಕಡಲುಂಟು.”

ಹೆಂಡತಿ ಕೆಳಗಿಟ್ಟ ಬ್ಯಾಗನ್ನು ಒಮ್ಮೆ ನೋಡಿದಳು.

ಮರುದಿನ ಹತ್ತಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟರು. ಸಾಹುಕಾರರು ಕುಳ್ಳಗೆ ದಪ್ಪಗೆ ಇದ್ದರು, ಇಸ್ತ್ರಿ ಮಾಡಿದ ಅಂಗಿ ಒಂದಿಷ್ಟೂ ಮುದುಡದಂತೆ ಕೂತಿದ್ದರು. “ಎಲ್ಲಿ, ಒಂದನ್ನ ಆಫ್ ಮಾಡಿ,” ಎಂದರು.

ವೈರು ಎದೆಯುಬ್ಬಿಸಿ ಡಾಲ್ಫಿನ್ನಿನ ಲ್ಯಾಪ್‌ಟಾಪನ್ನು ಆರಿಸಿದ. ಗೋಡೆಯ ಮೇಲಿನ ಪಟ್ಟಿ ಅಲುಗಲಿಲ್ಲ. ಸಾಹುಕಾರರು ತಲೆದೂಗಿದರು. ಕೋರ್ಸಮ್ಮ ಎಲೆಯನ್ನೂ ಆರಿಸಿದಳು. ಪಟ್ಟಿ ಹಾಗೇ ಇತ್ತು.

“ಅದನ್ನೂ ಆರಿಸಿ,” ಎಂದು ಸಾಹುಕಾರರು ತಾತನತ್ತ ಕೈ ತೋರಿಸಿದರು.

“ಇದು ಆರಿಸಿದ್ರೆ ಎಲ್ಲ ಮುಗೀತು ಸ್ವಾಮಿ. ಮುಖ್ಯವಾದದ್ದೇ ಇದು.”

“ಆರಿಸಿ, ನೋಡೋಣ.”

ತಾತ ಕಣ್ಣು ಮುಚ್ಚಿ ಆರಿಸಿದರು. ಪಟ್ಟಿ ಇತ್ತು. ಸಾಹುಕಾರರು ಎದ್ದು ಹೋಗಿ ತಾವೇ ಒಂದು ಕೆಲಸ ಬರೆದು ಒತ್ತಿದರು. ಅದೂ ಕೂತಿತು. ಮೂರೂ ಆರಿದರೂ ನಡೆಯುವ ವಸ್ತುವನ್ನು ಅವರು ಅದುವರೆಗೆ ಕಂಡಿರಲಿಲ್ಲ. ಹೇಳಬೇಕೆಂದರೆ ತಾತನೂ ಕಂಡಿರಲಿಲ್ಲ. ತಾತ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ ಬಂದು ಆಯ್ತಪ್ಪನ ಭುಜ ಹಿಡಿದು, “ಹೇಗಯ್ಯ ಮಾಡ್ದೆ ಇದನ್ನ?” ಎಂದರು, ಅಷ್ಟು ಮೃದುವಾಗಿ ಅವರು ಯಾರನ್ನೂ ಕೇಳಿದ್ದಿಲ್ಲ.

“ನಿನ್ನೆ ಹೇಳಿದ್ನಲ್ಲ ತಾತ,” ಎಂದ ಆಯ್ತಪ್ಪ.

“ನನ್ನ ಇಪ್ಪತ್ತಾರು ಅಂಗಡಿಗೂ ಇದೇ ಬೇಕು,” ಎಂದರು ಸಾಹುಕಾರರು. “ಈ ವಾರವೇ.”

ಮೇಡಂ ಹೊರಗೆ ಬಂದು ಎಲ್ಲರಿಗೂ ಕೆಲಸ ಹಂಚಿದರು. ಹಂಚುವುದಕ್ಕೆ ಹೆಚ್ಚೇನೂ ಇರಲಿಲ್ಲ. “ತಾತ, ವೈರು, ಕೋರ್ಸಮ್ಮ, ನೀವು ಮೂರೂ ಜನ ಇಲ್ಲದಿದ್ರೂ ಇದು ನಡೆಯತ್ತೆ ಅಂತ ಸಾಹುಕಾರರ ಮುಂದೇನೇ ಗೊತ್ತಾಯ್ತು. ಐದು ದಿನ ಆರಾಮಾಗಿರಿ. ಆಯ್ತಪ್ಪ, ನಿಮ್ಮ ಲ್ಯಾಪ್‌ಟಾಪೊಂದನ್ನ ಮಾತ್ರ ನಾವು ಆರಿಸಿ ನೋಡ್ಲಿಲ್ಲ. ಧೈರ್ಯ ಸಾಲ್ತಿಲ್ಲ. ಅದಕ್ಕೇ ಅದರ ಜೊತೆ ನೀವು ಅಂಗಡಿಗಳಲ್ಲೇ ಇರಿ.”

ಹೀಗೆ ಆಫೀಸಿನ ಮೂವರು, ಆಯ್ತಪ್ಪನ ಹೆಂಡತಿ, ಮಗಳು, ಭಾಮೈದ ಎಲ್ಲರೂ ಸೇರಿ ಐದು ದಿನ ಕಡಲಲ್ಲಿ ಮಿಂದರು. ತಾತ ಆಯ್ತಪ್ಪನ ಮಗಳಿಗೆ ಈಜು ಕಲಿಸಿದರು. ಆಯ್ತಪ್ಪ ಅಂಗಡಿಯಿಂದ ಅಂಗಡಿಗೆ ಹೋಗಿ ಫೈಲಿಗೆ ಚಿಲಕ ಹಾಕಿ, ಪುಟದ ಮೂಲೆಗೆ ಮೂರು ಚಿತ್ರ ಅಂಟಿಸಿ ಬರುತ್ತಿದ್ದ; ಚಿತ್ರಗಳಿಲ್ಲದಿದ್ದರೆ ಸಾಹುಕಾರರು ಒಪ್ಪುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ದಂಡೆಯ ದೊಡ್ಡ ಅಂಗಡಿಗೆ ಹೋಟೆಲುಗಳಿಂದ ಒದ್ದೆ ಟವೆಲುಗಳ ಮೂಟೆ ಬರುತ್ತಿತ್ತು. ಕೆಲಸದವರು ಅವನ್ನು ಬಿಚ್ಚಿ, ಯಂತ್ರಕ್ಕೆ ಹಾಕುವ ಮೊದಲು ಅವನ ಕುರ್ಚಿಯ ಪಕ್ಕದಲ್ಲೇ ಜೋರಾಗಿ ಕೊಡವುತ್ತಿದ್ದರು. ಆಯ್ತಪ್ಪ ಲ್ಯಾಪ್‌ಟಾಪಿನ ಕೀಲಿಗಳ ನಡುವೆ ಉದುರಿದ ಮರಳನ್ನು ಊದಿ ಊದಿ ತೆಗೆಯುತ್ತ, ಹೊರಗೆ ಕೇಳಿಸುತ್ತಿದ್ದ ಸದ್ದು ಅಲೆಯದೋ ಬಟ್ಟೆ ಒಗೆಯುವ ಯಂತ್ರದ್ದೋ ಎಂದು ಕಿವಿಗೊಟ್ಟು ಕೂತಿದ್ದ.